ಅತ್ತೂರಿನ ಸಂತರ ಸನ್ನಿಧಿಯಲ್ಲಿ

ಕಾರ್ಕಳ ಎಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಗೊಮ್ಮಟ. 1432ರಲ್ಲಿ ವೀರಪಾಂಡ್ಯ ಭೈರವರಸ ನಿಲ್ಲಿಸಿದ 42 ಅಡಿಯ ಆ ಮೂರ್ತಿಯನ್ನೂ, ಅದರ ಎದುರಿನ ಚತುರ್ಮುಖ ಬಸದಿಯನ್ನೂ ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರೂ ನೋಡಿಬರುತ್ತಾರೆ. ಆದರೆ ಜನವರಿ ತಿಂಗಳ ಕೊನೆಯ ಭಾಗದಲ್ಲಿ ಕಾರ್ಕಳದ ಬಸ್ಸು ನಿಲ್ದಾಣದಲ್ಲಿ ನಿಂತು ನೋಡಿ. ಕಂಡಕ್ಟರುಗಳ ಬಾಯಲ್ಲಿ ಒಂದೇ ಕೂಗು, "ಅತ್ತೂರ್, ಅತ್ತೂರ್!" ಹತ್ತುವವರಲ್ಲಿ ಕುಂಕುಮ ಇಟ್ಟವರು, ಜಪಸರ ಹಿಡಿದವರು, ಬುರ್ಖಾ ಹಾಕಿದವರು ಎಲ್ಲರೂ ಇರುತ್ತಾರೆ. ಕಾರ್ಕಳದಿಂದ ಐದಾರು ಕಿಲೋಮೀಟರು ದೂರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ ಇದೆ. ಐದು ದಿನದ ಅದರ ವಾರ್ಷಿಕ ಹಬ್ಬವನ್ನು ತುಳುವರು 'ಅತ್ತೂರು ಸಾಂತ್‌ಮಾರಿ' ಎಂದೇ ಕರೆಯುವುದು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಇದಕ್ಕೆ ಬಸಿಲಿಕಾ ಎಂಬ ಗೌರವ ಕೊಟ್ಟರು. ಅದಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಆ ಗೌರವ ಇದ್ದದ್ದು ಬೆಂಗಳೂರಿನ ಸಂತ ಮೇರಿಯಮ್ಮನವರ ದೇವಾಲಯಕ್ಕೆ ಮಾತ್ರ.

ನಾವಿರುವುದು ತೀರ್ಥಹಳ್ಳಿಯ ಕಡೆ. 2024ರ ಹಬ್ಬಕ್ಕೆ ಮೂರು ಜನ ಹೆಂಗಸರು ಹೊರಟೆವು: ನಾನು, ನಮ್ಮ ಅತ್ತೆ, ಪಕ್ಕದ ಮನೆಯ ಅಕ್ಕ. ಅತ್ತೆಯನ್ನು ನಾವು ಕೊಂಕಣಿಯಲ್ಲಿ 'ಮಾಂಯ್' ಅನ್ನುತ್ತೇವೆ. ಅವರ ತವರು ಕಾರ್ಕಳದ ಸೀಮೆ. ಪಕ್ಕದ ಮನೆಯ ಅಕ್ಕ ಒಕ್ಕಲಿಗರವರು. ಮನೆದೇವರಿಗೆ ನಡೆದುಕೊಂಡಷ್ಟೇ ಭಕ್ತಿಯಿಂದ ಅತ್ತೂರಿಗೂ ನಡೆದುಕೊಳ್ಳುತ್ತಾರೆ.

ಈ ದಾರಿಯಲ್ಲಿ ಹೋಗುವ ಗೆಳತಿಯರಿಗೆ ಒಂದು ಮಾತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ದೊಡ್ಡ ಬಸ್ಸು ಇಳಿಯುವುದಿಲ್ಲ, ಮಿನಿ ಬಸ್ಸೇ ಗತಿ. ಹೊಟ್ಟೆ ತೊಳಸುವವರು ಬೆಳಗಿನ ತಿಂಡಿ ಹಗುರವಾಗಿ ಮಾಡಿಕೊಂಡು, ಒಂದು ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಳ್ಳಿ. ಖಾಸಗಿ ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟ್ಟು ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಂಡೇ ಹೊರಡಿ. ಸೋಮೇಶ್ವರ ದಾಟಿದ ಮೇಲೆ ಹೆಬ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆವು. ಘಟ್ಟ ಇಳಿದ ಕೂಡಲೇ ಸೆಖೆ! ಮೇಲೆ ಶಾಲು ಹೊದ್ದು ಕೂತವರು ಕೆಳಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳಬೇಕು.

ಅಕ್ಕನ ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಮೊಂಬತ್ತಿ ಇತ್ತು. ಅವರ ಸೊಸೆಗೆ ಎರಡು ಬಾರಿ ಗರ್ಭ ನಿಲ್ಲಲಿಲ್ಲ. ಮೂರನೆಯ ಸಲ ಅಕ್ಕ ಹರಕೆ ಹೇಳಿಕೊಂಡರು: ಮಗು ಉಳಿದು ಎದ್ದು ನಿಂತರೆ, ಅದರ ಎತ್ತರದ ಮೊಂಬತ್ತಿ ಅತ್ತೂರಿಗೆ. ಈಗ ಮೊಮ್ಮಗನಿಗೆ ಎರಡು ವರ್ಷ. "ಅವನು ನಿಲ್ಲೋದೇ ಇಲ್ಲ ಮಾರಾಯ್ತಿ, ಅಳತೆ ತಗಳಕ್ಕೆ ಮೂರು ಜನ ಹಿಡ್ಕಬೇಕಾಯ್ತು," ಅಂತ ನಗುತ್ತ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು.

ನಾನು ನಕ್ಕೆ. ಆದರೆ ಅಷ್ಟು ಹಗುರವಾದ ಮನಸ್ಸು ನನಗಿರಲಿಲ್ಲ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. 2022ರ ಮಳೆಗಾಲದಲ್ಲಿ ಎಲೆಚುಕ್ಕಿ ರೋಗ ಬಿತ್ತು. ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಇದು ಒಂದು ಬಗೆಯ ಶಿಲೀಂಧ್ರ. ಗಾಳಿ ಮಳೆಯಲ್ಲಿ ಹರಡುತ್ತದೆ. ಮೊದಲು ಕೆಳಗಿನ ಸೋಗೆಯ ಮೇಲೆ ಸಾಸಿವೆ ಸಿಡಿದ ಹಾಗೆ ಕಂದು ಚುಕ್ಕಿ, ಆಮೇಲೆ ಚುಕ್ಕಿ ಚುಕ್ಕಿ ಕೂಡಿ ಸೋಗೆಯೇ ಒಣಗುತ್ತದೆ. ಕಾಯಿಗೂ ಬರುತ್ತದೆ, ಉದುರುತ್ತದೆ. ಸೋಗೆ ಕಡಿದು ಸುಟ್ಟೆವು, ಹೇಳಿದ ಔಷಧಿ ಹೊಡೆಸಿದೆವು. ಔಷಧಿಗಿಂತ ಮರ ಹತ್ತುವವರ ಕೂಲಿ ಹೆಚ್ಚು. ಎರಡು ವರ್ಷ ಫಸಲು ಅರ್ಧಕ್ಕೂ ಬರಲಿಲ್ಲ. ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಫೀಸು ವರ್ಷ ವರ್ಷ ಕಟ್ಟಬೇಕು. ಮುಂದಿನ ಮಳೆಗಾಲಕ್ಕೆ ಏನಾಗುತ್ತದೆ ಎಂದು ಯಾರನ್ನು ಕೇಳಿದರೂ "ನೋಡಬೇಕು" ಅನ್ನುತ್ತಾರೆ. ಆ 'ನೋಡಬೇಕು' ಎಂಬ ಮಾತಿನೊಳಗೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದು ಮನೆ ನಡೆಸುವ ಹೆಂಗಸಿಗೇ ಗೊತ್ತು. ಅಕ್ಕಿ ಎಷ್ಟು ತರಿಸಲಿ, ಚೀಟಿ ಮುಂದುವರಿಸಲೋ ಬಿಡಲೋ, ಎಲ್ಲಕ್ಕೂ ಅದೇ ಉತ್ತರ.

ಹಾಗಾಗಿ ಅತ್ತೂರಿಗೆ ಹೋಗುವಾಗ ನಾನೂ ಒಂದು ಹರಕೆ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಮಾಂಯ್‌ಗೆ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಪರ್ಪಲೆ ಗುಡ್ಡದ ತಪ್ಪಲಲ್ಲಿ ಇಗರ್ಜಿ ಇರುವುದು. ರಸ್ತೆಯ ಎರಡೂ ಬದಿಗೆ ಜಾತ್ರೆ. ಬತ್ತಾಸು, ಖರ್ಜೂರ, ಚುರುಮುರಿ, ಕಬ್ಬಿನ ಹಾಲು, ಬಳೆ, ಪ್ಲಾಸ್ಟಿಕ್ ಬಿಂದಿಗೆ, ಮಕ್ಕಳ ಪೀಪಿ. ನಡುನಡುವೆ ಮೊಂಬತ್ತಿಯ ಅಂಗಡಿಗಳು, ಬೆರಳುದ್ದದಿಂದ ಆಳೆತ್ತರದವರೆಗೆ. ಮಲ್ಲಿಗೆ ಮಾರುವವರೂ ಇದ್ದರು. ಶಂಕರಪುರದ ಮಲ್ಲಿಗೆ ಈ ಸೀಮೆಯದೇ. ನಮ್ಮಲ್ಲಿಯ ಹಾಗೆ ಮೊಳದ ಲೆಕ್ಕವಲ್ಲ, ಚೆಂಡು ಮತ್ತು ಅಟ್ಟೆಯ ಲೆಕ್ಕ. ಅಕ್ಕ ಒಂದು ಚೆಂಡು ಕೊಂಡು ಮೂವರಿಗೂ ಹಂಚಿದರು. ಕ್ರೈಸ್ತರ ಹಬ್ಬ ಎನ್ನುವುದು ಇಗರ್ಜಿಯ ಬಾಗಿಲಿನ ತನಕ ನೆನಪೇ ಆಗುವುದಿಲ್ಲ, ನಮ್ಮೂರ ರಾಮೇಶ್ವರನ ಎಳ್ಳಮಾವಾಸ್ಯೆ ಜಾತ್ರೆಯ ಹಾಗೇ ಇರುತ್ತದೆ.

ಇಲ್ಲಿ ಇಗರ್ಜಿ ಆದ ಕಥೆಯನ್ನು ಮಾಂಯ್ ನಡೆಯುತ್ತ ನಡೆಯುತ್ತಲೇ ಹೇಳಿದರು. ಈ ಸಭೆ 1759ರದು. ಆದರೆ ಮೊದಲ ದೇವಾಲಯ ಈ ಜಾಗದಲ್ಲಿರಲಿಲ್ಲ, ಅದು ಉಳಿಯಲೂ ಇಲ್ಲ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಇಂಗ್ಲಿಷರಿಗೆ ನೆರವಾದರು ಎಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನ ಸೈನಿಕರು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅದು ಬೂದಿ ಬುಧವಾರದ ದಿನ ಎಂದು ನಮ್ಮವರಲ್ಲಿ ಹೇಳಿಕೆ. ಎಷ್ಟು ಜನ ಹೋದರು, ಎಷ್ಟು ಜನ ತೀರಿಕೊಂಡರು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಸಾವಿರಾರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಊರೂರಿನ ಇಗರ್ಜಿಗಳು ನೆಲಸಮವಾದವು. ಮೂಡಬಿದಿರೆಯ ಹತ್ತಿರದ ಹೊಸಬೆಟ್ಟಿನದು ಉಳಿದದ್ದು ಅಲ್ಲಿಯ ಚೌಟ ಅರಸರ ಕೃಪೆಯಿಂದ. ಆ ಅರಸರು ಜೈನರು.

ಈ ಕಥೆಯನ್ನು ಈಗ ಬೇರೆ ಬೇರೆಯವರು ಬೇರೆ ಬೇರೆ ಉದ್ದೇಶಕ್ಕೆ ಹೇಳುತ್ತಾರೆ. ನನಗೆ ಅದು ಬೇಡ. ನನಗೆ ಕಣ್ಣಿಗೆ ಬರುವುದು ಆ ದಿನದ ಅಡುಗೆಮನೆ. ನೆನೆ ಹಾಕಿದ ಅಕ್ಕಿ ಹಾಗೇ ಉಳಿದಿರುತ್ತದೆ. ಕೊಟ್ಟಿಗೆಯಲ್ಲಿ ಕರು ಕೂಗುತ್ತಿರುತ್ತದೆ. ಬಾಣಂತಿ ಯಾರೋ ಇದ್ದೇ ಇರುತ್ತಾಳೆ. ಎಲ್ಲಿಗೆ, ಎಷ್ಟು ದಿನಕ್ಕೆ, ಏನೂ ತಿಳಿಯದೆ ಘಟ್ಟ ಹತ್ತಬೇಕು. ಹಾಗೆ ಹೋದವರು ಮರಳಿ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹದಿನೈದು ವರ್ಷದ ನಂತರ. ಹೋಗುವಾಗ ಎತ್ತಿಕೊಂಡ ಮಗು ಬರುವಾಗ ಮದುವೆಯ ವಯಸ್ಸಿಗೆ ಬಂದಿರಬೇಕು, ಉಳಿದಿದ್ದರೆ. ಮನೆಯಿಲ್ಲ, ಗದ್ದೆ ಯಾರದೋ ಕೈಯಲ್ಲಿ, ಇಗರ್ಜಿಯ ಜಾಗದಲ್ಲಿ ಕಾಡು.

ಬಂದವರು ಮತ್ತೆ ಇಗರ್ಜಿ ಕಟ್ಟಲು ಜಾಗ ಹುಡುಕಿದರು. ಸಂತ ಲಾರೆನ್ಸರ ಒಂದು ಚಿಕ್ಕ ಮರದ ಪ್ರತಿಮೆ ಅವರ ಬಳಿ ಇತ್ತು. ಅದನ್ನು ಹೊತ್ತುಕೊಂಡೇ ತಿರುಗಿದರಂತೆ. ಈ ಗುಡ್ಡದ ಬುಡಕ್ಕೆ ಬಂದಾಗ ಬಾಯಾರಿಕೆಯಾಯಿತು. ಇಲ್ಲೊಂದು ನೀರಿನ ಒರತೆ ಕಂಡಿತು. ಪ್ರತಿಮೆಯನ್ನು ಕೆಳಗಿಟ್ಟು ನೀರು ಕುಡಿದರು. ಹೊರಡುವಾಗ ಎತ್ತಲು ಹೋದರೆ ಪ್ರತಿಮೆ ಕದಲಲಿಲ್ಲ! ಇಲ್ಲಿಯೇ ಕಟ್ಟುತ್ತೇವೆ ಎಂದು ಪ್ರಾರ್ಥಿಸಿದ ಮೇಲೆ ಸುಲಭವಾಗಿ ಎದ್ದಿತು ಎಂಬುದು ಐತಿಹ್ಯ. ಮೊದಲು ಹುಲ್ಲಿನ ಮಾಡು ಹಾಕಿದರು. ಆಮೇಲೆ ದೊಡ್ಡದಾಯಿತು; ಹಳೆಯ ಕಟ್ಟಡ ಈಗ ಕಾಣುವ ರೂಪಕ್ಕೆ ಬಂದದ್ದು 1900ರ ಸುಮಾರಿಗೆ. ಆ ಒರತೆಯೇ ಇಂದಿನ ಪುಷ್ಕರಿಣಿ. ಜನ ಅದರ ನೀರನ್ನು ತಲೆಗೆ ಚಿಮುಕಿಸಿಕೊಂಡು, ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ.

ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನನ್ನು ಹಿಡಿದದ್ದು ಬೇರೆ ಸಂಗತಿ. ಆ ಜನ ಹದಿನೈದು ವರ್ಷ ಏನೆಲ್ಲ ಬೇಡಿಕೊಂಡಿರಲಿಕ್ಕಿಲ್ಲ! ಎಷ್ಟು ಬೇಡಿಕೆ ಸಂದಿತು? ಆದರೂ ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಇದೊಂದು. ದೇವರ ಮೇಲೆ ಮುನಿಸಿಕೊಳ್ಳಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು?

ಒಳಗೆ ಹೋಗಲು ಒಂದು ಗಂಟೆ ಸರತಿ. ನಾವು ಹೋದದ್ದು ಕೆಲಸದ ದಿನ. ಭಾನುವಾರ ಇದರ ಎರಡರಷ್ಟು ಆಗುತ್ತದೆ ಎಂದು ಸ್ವಯಂಸೇವಕ ಹುಡುಗ ಹೇಳಿದ. ಬಲಿಪೂಜೆ ನಡೆಯುತ್ತಲೇ ಇತ್ತು, ಒಂದು ಕೊಂಕಣಿಯಲ್ಲಿ, ಇನ್ನೊಂದು ಕನ್ನಡದಲ್ಲಿ. ಕಾಯಿಲೆಯವರನ್ನು ತೋಳಿನಲ್ಲಿ ಹಿಡಿದು, ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದರು. ನನ್ನ ಮುಂದೆ ಒಬ್ಬ ತಾಯಿ, ಹದಿನೆಂಟು ಇಪ್ಪತ್ತು ವಯಸ್ಸಿನ ಮಗನನ್ನು ಎದೆಗೆ ಒರಗಿಸಿಕೊಂಡು ನಿಂತಿದ್ದಳು. ಅವನಿಗೆ ಕತ್ತು ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ಬರುತ್ತೇವೆ ಅಂದಳು. ಎಷ್ಟು ವರ್ಷದಿಂದ ಎಂದು ಕೇಳಲು ಬಾಯಿ ಬರಲಿಲ್ಲ.

ಸಂತ ಲಾರೆನ್ಸರ ಕಥೆಯನ್ನೂ ಹೇಳಬೇಕು. ಅದಿಲ್ಲದೆ ಅತ್ತೂರು ಅರ್ಥವಾಗದು. ಮೂರನೆಯ ಶತಮಾನದ ರೋಮಿನಲ್ಲಿ ಅವರು ಧರ್ಮಸಭೆಯ ಸೇವಕರಾಗಿದ್ದವರು. ಬಡವರಿಗೆ ಹಂಚುವ ಹಣ ಅವರ ಕೈಯಲ್ಲಿತ್ತು. ವಲೇರಿಯನ್ ಚಕ್ರವರ್ತಿಯ ಕಾಲ, ಕ್ರಿ.ಶ. 258. ಪೋಪ್ ಎರಡನೆಯ ಸಿಕ್ಸ್‌ಟಸರನ್ನು ಕೊಂದ ಕೆಲವೇ ದಿನಕ್ಕೆ ಇವರನ್ನೂ ಹಿಡಿದರು. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ, ಊರಿನ ಕುಂಟರು, ಕುರುಡರು, ವಿಧವೆಯರನ್ನು ಸಾಲಾಗಿ ಕರೆತಂದು ಇವರೇ ನಮ್ಮ ಸಂಪತ್ತು ಎಂದರಂತೆ. ಅಧಿಕಾರಿಗೆ ಸಿಟ್ಟು ಬಂದು ಕಬ್ಬಿಣದ ಜಾಲಿಯ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿಸಿದ. ಆ ಬೆಂಕಿಯ ಮೇಲಿದ್ದೂ, ಈ ಬದಿ ಬೆಂದಿತು, ಮಗುಚಿ ಹಾಕಿ ಎಂದು ತಮಾಷೆ ಮಾಡಿದರೆಂದು ಪರಂಪರೆ ಹೇಳುತ್ತದೆ. ಅದಕ್ಕೋ ಏನೋ ಅಡುಗೆಯವರಿಗೆಲ್ಲ ಅವರೇ ಪೋಷಕ ಸಂತ! ದಿನಾ ಕಾವಲಿಯ ಮುಂದೆ ನಿಲ್ಲುವ ನಮಗೆಲ್ಲ ಹತ್ತಿರದವರೇ ಆದರು. ಅವರ ದಿನ ಆಗಸ್ಟ್ 10. ಆಗ ಕರಾವಳಿಯಲ್ಲಿ ಧೋ ಎಂದು ಸುರಿಯುವ ಮಳೆ, ಜನವರಿಯ ಹಬ್ಬವೇ ಜನಕ್ಕೆ ಅನುಕೂಲ.

ಸರತಿಯಲ್ಲಿ ನಿಂತು ನನಗೆ ಬಂದ ಪ್ರಶ್ನೆ ಇಷ್ಟೇ. ಈ ಸಂತರನ್ನು ದೇವರು ಬೆಂಕಿಯಿಂದ ಎತ್ತಿಕೊಳ್ಳಲಿಲ್ಲ. ತಾನೇ ಪಾರಾಗದವರ ಹತ್ತಿರ ಹೋಗಿ, ನಮ್ಮನ್ನು ಪಾರು ಮಾಡಿಸು ಎಂದು ಇಷ್ಟು ಜನ ಯಾಕೆ ಕೇಳುತ್ತಾರೆ?

ಅಕ್ಕ ತಮ್ಮ ಮೊಂಬತ್ತಿಯನ್ನು ಒಪ್ಪಿಸಿದರು. ಅವರ ಕಣ್ಣಲ್ಲಿ ನೀರು. ಅವರ ಸಂತೋಷ ನನಗೂ ಸಂತೋಷವೇ. ಆದರೂ ಒಳಗೊಳಗೇ, ಇವರ ಬೇಡಿಕೆ ಸಂದಿತು, ಆ ಮಗನನ್ನು ಒರಗಿಸಿಕೊಂಡ ತಾಯಿಯದು ಸಲ್ಲಲಿಲ್ಲ, ನಮ್ಮದು ಯಾವ ಸಾಲಿಗೆ ಎಂಬ ಲೆಕ್ಕ ಓಡುತ್ತಿತ್ತು. ಹೆಂಗಸರ ತಲೆ ದೇವರ ಮುಂದೆಯೂ ಲೆಕ್ಕ ಬಿಡುವುದಿಲ್ಲ ನೋಡಿ.

ಮಾಂಯ್ ಹತ್ತು ರೂಪಾಯಿಯ ಸಣ್ಣ ಮೊಂಬತ್ತಿ ಹಚ್ಚಿದರು. ಮೊಣಕಾಲು ನೋವಿದ್ದರೂ ಊರಿ ಕೂತರು. ತುಟಿ ಅಲ್ಲಾಡುತ್ತಿತ್ತು. ಐದು ನಿಮಿಷಕ್ಕೆ ಎದ್ದು ಬಂದರು.

ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಕೇಳಿದೆ, "ತೋಟಕ್ಕೆ ಹರಕೆ ಹೇಳಿಕೊಂಡ್ರಾ ಮಾಂಯ್?"

"ಇಲ್ಲ ಬಾಯೆ. ತೋಟದ ವಿಷಯ ಹೇಳಿ ಬಂದೆ."

"ಹೇಳಿದ್ದು ಅಂದ್ರೆ?"

"ಹೇಳಿದ್ದು ಅಂದ್ರೆ ಹೇಳಿದ್ದು. ಸೋಗೆ ಒಣಗಿದೆ, ಮಗನಿಗೆ ರಾತ್ರಿ ನಿದ್ದೆ ಇಲ್ಲ, ಮೊಮ್ಮಗಳಿಗೆ ಇನ್ನೆರಡು ವರ್ಷ ಓದುವುದಿದೆ ಅಂತ. ಏನು ಮಾಡಬೇಕು ಅಂತ ನಾನ್ಯಾಕೆ ಕಲಿಸಲಿ?"

ಅಕ್ಕನಿಗೆ ಇದು ಸರಿಬರಲಿಲ್ಲ. "ಕೇಳದೆ ಹ್ಯಾಂಗೆ ಕೊಡ್ತಾನೆ ಅಮ್ಮಾ? ಹೆತ್ತಮ್ಮನೂ ಅತ್ತರೇ ಹಾಲು ಕೊಡದು," ಅಂದರು. ಅದೂ ಸುಳ್ಳಲ್ಲ. ಕೇಳಿ ಪಡೆದುಕೊಳ್ಳಿ ಎಂದು ಯೇಸುಸ್ವಾಮಿಯೇ ಕಲಿಸಿದ್ದಾರೆ. ಮಾಂಯ್ ವಾದ ಮಾಡಲಿಲ್ಲ. ಕಾನಾ ಊರಿನ ಮದುವೆಯ ಕಥೆ ಹೇಳಿದರು. ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು. ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. ಮರಿಯಮ್ಮ ಮಗನ ಹತ್ತಿರ ಹೋಗಿ ರಸ ಮುಗಿದಿದೆ ಎಂದಷ್ಟೇ ತಿಳಿಸಿದಳು. ಹೀಗೆ ಮಾಡು ಅನ್ನಲಿಲ್ಲ. ಮಗ ಕೂಡಲೇ ಒಪ್ಪಿಕೊಂಡಂತೆಯೂ ಕಾಣಲಿಲ್ಲ. ಆದರೂ ಅವಳು ಆಳುಗಳಿಗೆ, ಅವನು ಹೇಳಿದ ಹಾಗೆ ಮಾಡಿ ಎಂದು ಹೇಳಿ ಸುಮ್ಮನಾದಳು. ಈ ಭಾಗವನ್ನು ಮದುವೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ನೀರು ರಸವಾದದ್ದೇ ದೊಡ್ಡದಾಗಿ ಕೇಳಿಸುತ್ತಿತ್ತು. ನಡುವೆ ಏನೂ ಆಗದ ಒಂದು ಗಳಿಗೆ ಇದೆ ಎಂಬುದು ಅಲ್ಲಿ, ಆ ಮರದ ಕೆಳಗೆ ಕಂಡಿತು. ಆಳುಗಳು ಬಾನಿಗೆ ಬರೀ ನೀರು ತುಂಬುತ್ತಿರುವ ಗಳಿಗೆ.

ಸಂತ ಲಾರೆನ್ಸರ ಬಗ್ಗೆ ನನ್ನ ಪ್ರಶ್ನೆಯನ್ನೂ ಮಾಂಯ್ ಮುಂದಿಟ್ಟೆ. ಅವರು ಉಪ್ಪಿನಕಾಯಿ ಬೆರಳಿನಿಂದ ನೆಕ್ಕುತ್ತ, "ಬೆಂಕಿ ನೋಡದವರ ಹತ್ರ ಹೋಗಿ ಸುಟ್ಟ ಗಾಯ ತೋರಿಸಿದ್ರೆ ಅವರಿಗೇನು ಗೊತ್ತಾಗ್ತದೆ?" ಅಂದರು. ಓದಿದವರು ಬೇರೆ ಉತ್ತರ ಕೊಡಬಹುದು. ನನಗೆ ಇದು ಸಾಕಾಯಿತು, ಪೂರ್ತಿ ಅಲ್ಲದಿದ್ದರೂ.

ಬುತ್ತಿಯಲ್ಲಿ ಉಳಿದ ಎರಡು ಪೊಟ್ಟಣ ಚಿತ್ರಾನ್ನವನ್ನು ದಾರಿಯಲ್ಲಿ ಸಾಲಾಗಿ ಕೂತಿದ್ದ ಭಿಕ್ಷುಕರಿಗೆ ಕೊಟ್ಟೆವು. ಇಲ್ಲಿಗೆ ಬಂದವರು ಬರಿಗೈಯಲ್ಲಿ ಅವರನ್ನು ದಾಟುವುದು ಕಡಿಮೆ. ಸಂಪತ್ತು ಯಾರು ಎಂದು ಆ ಸಂತರು ತೋರಿಸಿದ್ದು ಜನಕ್ಕೆ ನೆನಪಿದೆ ಎಂದು ಕಾಣುತ್ತದೆ.

ಪುಷ್ಕರಿಣಿಯ ನೀರನ್ನು ಅಕ್ಕ ಎರಡು ಬಾಟಲಿ ತುಂಬಿಕೊಂಡರು. ಒಂದನ್ನು ನನ್ನ ಚೀಲಕ್ಕೆ ಹಾಕಿ, "ತೋಟದ ಮೂಲೆಗೆ ಚಿಮುಕ್ಸು, ಔಷಧಿನೂ ಹೊಡಿ," ಅಂದರು. ಈ ಬುದ್ಧಿ ನನಗೆ ಬಹಳ ಹಿಡಿಸಿತು.

ಹೋಗುವವರಿಗೆ ಇನ್ನೆರಡು ಮಾತು. ಹಬ್ಬದ ದಿನಗಳಲ್ಲಿ ಬೆಳಿಗ್ಗೆ ಹತ್ತರ ಒಳಗೆ ಅತ್ತೂರು ಸೇರಿದರೆ ಬಿಸಿಲು ತಪ್ಪುತ್ತದೆ. ಹತ್ತಿ ಸೀರೆ ಉಡಿ. ಪುಟ್ಟ ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ, ಜನಸಂದಣಿಯಲ್ಲಿ ಕೈ ತಪ್ಪಬಹುದು. ಗದ್ದಲ ಬೇಡ ಎನ್ನುವವರು ವರ್ಷದ ಬೇರೆ ಯಾವ ದಿನವಾದರೂ ಹೋಗಬಹುದು, ಗುಡ್ಡದ ತಂಪು, ನಿಶ್ಶಬ್ದ ಎರಡೂ ಸಿಗುತ್ತವೆ. ಸಮಯವಿದ್ದರೆ ಗೊಮ್ಮಟನನ್ನೂ ನೋಡಿ. ಮೆಟ್ಟಿಲು ಬಿಸಿಲಿಗೆ ಕಾಯುತ್ತವೆ, ಸಂಜೆ ಒಳ್ಳೆಯದು.

ನಾವು ಅದೇ ಸಂಜೆ ಘಟ್ಟ ಹತ್ತಿದೆವು. ತೋಟದಲ್ಲಿ ರೋಗ ಇನ್ನೂ ಇದೆ. ಒಂದು ಮಳೆಗಾಲ ಸ್ವಲ್ಪ ಕಡಿಮೆ ಎನಿಸಿತು, ಮುಂದಿನದಕ್ಕೆ ಮತ್ತೆ ಕಂಡಿತು. ಮಗಳ ಫೀಸಿಗೆ ನನ್ನ ಎರಡು ಬಳೆ ಹೋದವು. ಅದು ಹೋಗಲಿ.

ಅತ್ತೂರಿನಿಂದ ಬಂದ ಎರಡನೆಯ ವಾರಕ್ಕೆ ಮಾಂಯ್ ಹಿತ್ತಿಲಿನಲ್ಲಿ ಒಂದು ಮಡಿ ಮಾಡಿಸಿ, ಬೀಜದ ಅಡಿಕೆ ಹಾಕಿಸಿದರು. ಒಣಗಿದ ಮರಗಳ ಜಾಗಕ್ಕೆ ಬೇಕಾಗುತ್ತದೆ ಅಂತ. ಈಗ ಅರವತ್ತು ಸಸಿ ಎದ್ದಿವೆ. ಅಡಿಕೆ ನೆಟ್ಟು ಫಸಲು ಕೈಗೆ ಹತ್ತಲು ಆರೇಳು ವರ್ಷ ಬೇಕು. ಮಾಂಯ್‌ಗೆ ಎಪ್ಪತ್ತಮೂರು ದಾಟಿದೆ. ಹೊಸ ಸಸಿಗೂ ಅದೇ ಚುಕ್ಕಿ ಬರಬಹುದು ಎಂದು ನಮ್ಮವರು ಒಂದು ದಿನ ಹೇಳಿದರು.

"ಬರಬಹುದು," ಅಂದರು ಮಾಂಯ್, ಮತ್ತೆ ಕೊಡ ತುಂಬಿಸಿಕೊಂಡು ಮಡಿಯ ಕಡೆಗೆ ಹೋದರು.